ಹಲ್ಲಿನ ಮೇಲೆ ಬಂದ ಆಪಾದನೆ

ಅರಸರಿಗೆ, ಶಾಸನಗಳಿಗೆ, ಗುಡಿಗೋಪುರಗಳಿಗೆ ಇತಿಹಾಸವಿರುವಂತೆ ಮನುಷ್ಯನ ತಪ್ಪು ತಿಳಿವಳಿಕೆಗಳಿಗೂ ಒಂದು ಇತಿಹಾಸವಿದೆ. ಅದನ್ನು ಯಾರೂ ಕಲ್ಲಿನಲ್ಲಿ ಕೊರೆದಿಡುವುದಿಲ್ಲ. ಅದರ ಫಲವನ್ನು ಮಾತ್ರ ಜನರು ಮೈಮೇಲೆ ಹೊತ್ತು ತಿರುಗುತ್ತಾರೆ. ಅಂಥದೊಂದು ತಿಳಿವಳಿಕೆಯ ಕಥೆಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ. ವಿಷಯ ನೋಡಲಿಕ್ಕೆ ತೀರ ಸಣ್ಣದು: ನಿದ್ದೆಯಲ್ಲಿ ಹಲ್ಲು ಕಡಿಯುವುದು. ಪ್ರಶ್ನೆಯೂ ಸಣ್ಣದೇ. ಮೇಲಿನ ಸಾಲಿನ ಹಲ್ಲೂ ಕೆಳಗಿನ ಸಾಲಿನ ಹಲ್ಲೂ ಸರಿಯಾಗಿ ಕೂಡದೆ ಇರುವುದರಿಂದ ಮನುಷ್ಯನು ಹಲ್ಲು ಕಡಿಯುತ್ತಾನೆಯೋ? ಅಥವಾ ಕಡಿಯುವುದಕ್ಕೆ ಬೇರೆ ಯಾವುದೋ ಕಾರಣವಿದ್ದು, ಹಲ್ಲುಗಳು ಸುಮ್ಮನೆ ಪೆಟ್ಟು ತಿನ್ನುತ್ತವೆಯೋ? ಇಪ್ಪತ್ತನೆಯ ಶತಮಾನದ ಬಹುಭಾಗ ದಂತವೈದ್ಯರು ಈ ಪ್ರಶ್ನೆಗೆ ಮೊದಲನೆಯ ಉತ್ತರವನ್ನೇ ಕೊಟ್ಟರು. ಆ ಉತ್ತರವನ್ನು ನಂಬಿ ಎಷ್ಟೋ ಜನರ ಗಟ್ಟಿಮುಟ್ಟಾದ ಹಲ್ಲುಗಳನ್ನು ಉಜ್ಜಿ ತಗ್ಗಿಸಲಾಯಿತು. ಉತ್ತರವೇ ತಪ್ಪೆಂದು ತಿಳಿಯುವ ಹೊತ್ತಿಗೆ ಸವೆದ ಹಲ್ಲು ಸವೆದೇ ಹೋಗಿತ್ತು.

ಕನ್ನಡ ಪಾಠ ಹೇಳುವವನಿಗೆ ಹಲ್ಲಿನ ವಿಷಯದಲ್ಲಿ ಏನು ಅಧಿಕಾರವೆಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಈ ಕಥೆಯ ಮೊದಲ ಸಾಕ್ಷಿ ಭಾಷೆಯೇ ಆಗಿದೆ. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ಕಲಬುರಗಿ ಜಿಲ್ಲೆಯ ಕಾಳಗಿ ಮೊದಲು ಚಿತ್ತಾಪುರ ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ಒಂದು ತಾಲ್ಲೂಕಾಗಿದೆ. ಚಾಲುಕ್ಯರ ಕಾಲದ ಗುಡಿಗಳಿರುವ ಊರು. ಸುತ್ತಲಿನ ಸೇಡಂ, ಚಿಂಚೋಳಿಗಳ ತೊಗರಿ ಜೋಳದ ಹೊಲಗಳೂ, ಆಚೆ ಶಹಾಬಾದದ ಹಾಸುಗಲ್ಲಿನ ಗಣಿಗಳೂ, ವಾಡಿಯ ಸಿಮೆಂಟು ಕಾರ್ಖಾನೆಯೂ ಈ ಸೀಮೆಯ ಗುರುತುಗಳು. ಇಲ್ಲಿಯ ಮನೆಗಳಲ್ಲಿ ಹಿರಿಯರು ಆಡುವ ಒಂದು ಮಾತುಂಟು: “ಕೂಸು ರಾತ್ರಿ ಹಲ್ಲ ಕಡೀತದ, ಹೊಟ್ಟ್ಯಾಗ ಹುಳ ಆಗ್ಯಾವ ನೋಡವ್ವಾ.” ಕಡಿಯುವವರು ದೊಡ್ಡವರಾದರೆ ಮಾತು ಬೇರೆ: “ಏನೋ ಚಿಂತಿ ಹತ್ಯದ ಅವಗ.” ಕೂಸಿಗೆ ಹುಳ, ದೊಡ್ಡವರಿಗೆ ಚಿಂತೆ. ಈ ಎರಡು ರೋಗನಿದಾನಗಳಲ್ಲಿ ಒಂದು ಹೊಟ್ಟೆಯನ್ನು ಹಿಡಿಯಿತು, ಇನ್ನೊಂದು ಮನಸ್ಸನ್ನು ಹಿಡಿಯಿತು. ಎರಡೂ ಹಲ್ಲನ್ನು ಮಾತ್ರ ದೂರಲಿಲ್ಲ ಎಂಬುದನ್ನು ಗಮನಿಸಬೇಕು.

ಕನ್ನಡದಲ್ಲಿ ಈ ಕ್ರಿಯೆಗೆ ಒಂದೇ ಮಾತಿಲ್ಲ, ಹಲವು ಮಾತುಗಳಿವೆ. ಹಲ್ಲು ಕಡಿಯುವುದು, ಹಲ್ಲು ಮಸೆಯುವುದು, ಹಲ್ಲು ಕಟಕಟಿಸುವುದು. ಇವುಗಳಲ್ಲೆಲ್ಲ ಚಲನೆಯಿದೆ, ಸದ್ದಿದೆ. ಇವಕ್ಕಿಂತ ಬೇರೆಯಾದ ಮಾತು ‘ಅವುಡುಗಚ್ಚುವುದು’. ಅವುಡು ಎಂದರೆ ದವಡೆ. ಕೆಳತುಟಿ ಎಂಬ ಅರ್ಥವೂ ಅದಕ್ಕಿದೆ. ಅವುಡುಗಚ್ಚಿದವನ ಬಾಯಿಂದ ಸದ್ದು ಬರುವುದಿಲ್ಲ, ದವಡೆ ಅಲುಗುವುದೂ ಇಲ್ಲ. ಸಿಟ್ಟನ್ನೋ ನೋವನ್ನೋ ಹೊರಗೆ ಬಿಡದೆ ಒಳಗೇ ಒತ್ತಿ ಹಿಡಿದ ಸ್ಥಿತಿ ಅದು. ತುಂಬಿದ ಸಭೆಯಲ್ಲಿ ಅಣ್ಣನ ಮಾತಿಗೆ ಕಟ್ಟುಬಿದ್ದು ಕುಳಿತ ಭೀಮನನ್ನು ನೆನೆದರೆ ಆ ಮಾತಿನ ಅರ್ಥ ತಾನಾಗಿ ತಿಳಿಯುತ್ತದೆ. ಒಬ್ಬನ ಮೇಲೆ ಹಲ್ಲು ಮಸೆಯುವುದೆಂದರೆ ಹಗೆ ಸಾಧಿಸುವುದು; ಹಲ್ಲು ಕಚ್ಚಿ ಸಹಿಸುವುದೆಂದರೆ ತಾಳಿಕೊಳ್ಳುವುದು. ಹೀಗೆ ನಮ್ಮ ನುಡಿಯಲ್ಲಿ ಹಲ್ಲಿನ ಮೇಲೆ ಹಲ್ಲು ಊರಿದಾಗಲೆಲ್ಲ ಅದರ ಹಿಂದೆ ಒಂದು ಮನಸ್ಸಿದೆ. ಇದರಿಂದ ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತೆಂದು ಹೆಮ್ಮೆಪಡಬೇಕಾಗಿಲ್ಲ. ಸಿಟ್ಟು ಬಂದವನ ಮುಖವನ್ನು ಅವರು ಚೆನ್ನಾಗಿ ನೋಡಿದ್ದರು, ಅಷ್ಟೇ. ಆದರೆ ಚೆನ್ನಾಗಿ ನೋಡುವುದು ಸಣ್ಣ ಗುಣವಲ್ಲ.

ಹಳೆಯ ವೈದ್ಯಗ್ರಂಥಗಳು ಬಾಯನ್ನು ಇನ್ನೂ ಕ್ರಮವಾಗಿ ನೋಡಿದವು. ಸುಶ್ರುತ ಸಂಹಿತೆ ಬಾಯಿಯ ರೋಗಗಳು 65 ಎಂದು ಎಣಿಸಿ, ಅವುಗಳಲ್ಲಿ 15 ಹಲ್ಲಿನ ಬೇರಿನವು, 8 ಹಲ್ಲಿನವು ಎಂದು ಹಂಚುತ್ತದೆ. ಆ ಎಂಟರಲ್ಲಿ ಭಂಜನಕವೆಂಬುದು ಹಲ್ಲು ಒಡೆದು ಮುಖ ಸೊಟ್ಟಗಾಗುವ ರೋಗ; ಹನುಮೋಕ್ಷವೆಂಬುದು ದವಡೆಯ ಕೀಲು ಸಡಿಲುವ ರೋಗ. ಹಲ್ಲು ಕಡಿಯುವುದರ ಮಾತು ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ, ಎಂದರೆ ಸಾವಿನ ಮುನ್ಸೂಚನೆಗಳನ್ನು ಹೇಳುವ ಭಾಗದಲ್ಲಿ, ಬರುತ್ತದೆ. ಎಚ್ಚರವಾಗಿದ್ದು ತನ್ನ ಹಲ್ಲುಗಳನ್ನೇ ತಾನು ಕಡಿಯುತ್ತ, ಗಟ್ಟಿಯಾಗಿ ಅಳುತ್ತ ನಗುತ್ತ, ನೋವಿನ ಅರಿವೇ ಇಲ್ಲದಿರುವ ರೋಗಿ ಬದುಕುವುದಿಲ್ಲವೆಂದು ಅಲ್ಲಿ ಹೇಳಿದೆ. ಇಲ್ಲಿ ‘ಎಚ್ಚರವಾಗಿದ್ದು’ ಎಂಬ ಮಾತು ಮುಖ್ಯವಾದದ್ದು. ನಿದ್ದೆಯಲ್ಲಿ ಕಡಿಯುವುದು ಬೇರೆ, ಎಚ್ಚರದಲ್ಲಿ ಕಡಿಯುವುದು ಬೇರೆ ಎಂಬ ವಿವೇಕ ಆ ಗ್ರಂಥಕಾರರಿಗೆ ಇದ್ದಂತೆ ತೋರುತ್ತದೆ. ಈ ಭೇದಕ್ಕೆ ಎಷ್ಟು ಬೆಲೆಯಿದೆ ಎಂಬುದು ಮುಂದೆ ತಿಳಿಯುವುದು.

ಇನ್ನು ಆಪಾದನೆಯ ಕಥೆಗೆ ಬರೋಣ. 1901ರಲ್ಲಿ ವಿಯೆನ್ನಾ ನಗರದ ಮೋರಿಟ್ಸ್ ಕಾರೊಲಿ ಎಂಬ ದಂತವೈದ್ಯನು ಒಸಡು ಕೊಳೆತು ಹಲ್ಲು ಅಲುಗುವ ರೋಗವನ್ನು ಕುರಿತು ಬರೆಯುತ್ತ, ಅದಕ್ಕೆ ಒಂದು ದೊಡ್ಡ ಕಾರಣ ರಾತ್ರಿ ಹಲ್ಲು ಕಡಿಯುವುದೇ ಎಂದು ಸಾರಿದನು. ಅದಕ್ಕೆ ಎರಡು ವರ್ಷ ಹಿಂದೆ, 1899ರಲ್ಲಿ, ಅಮೆರಿಕದ ಎಡ್ವರ್ಡ್ ಆಂಗಲ್ ಹಲ್ಲಿನ ಸಾಲುಗಳು ಕೂಡುವ ಬಗೆಯನ್ನು ಮೊದಲ ದವಡೆಹಲ್ಲಿನ ಸ್ಥಾನ ನೋಡಿ ಮೂರು ವರ್ಗವಾಗಿ ವಿಂಗಡಿಸಿದ್ದನು. ಅಲ್ಲಿಂದ ‘ಸರಿಯಾದ ಕೂಡಿಕೆ’ ಎಂಬ ಒಂದು ಆದರ್ಶ ದಂತವೈದ್ಯದಲ್ಲಿ ನೆಲೆಯಾಯಿತು. ಆದರ್ಶವೊಂದು ಹುಟ್ಟಿದ ಮೇಲೆ ಅದಕ್ಕೆ ಹೊಂದದ್ದೆಲ್ಲ ದೋಷವಾಗುವುದು ಲೋಕದ ರೂಢಿ. ಒಂದು ಕಡೆ ಹಲ್ಲು ಕಡಿಯುವ ರೋಗಿ, ಇನ್ನೊಂದು ಕಡೆ ಅವನ ಬಾಯಲ್ಲಿ ಓರೆಕೋರೆಯಾಗಿ ಕೂಡುವ ಹಲ್ಲು. ಇವೆರಡನ್ನೂ ಜೋಡಿಸಿ ಇದರಿಂದಲೇ ಅದು ಎಂದು ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ.

ಈ ವಿಚಾರ ಎಷ್ಟು ಸಹಜವಾಗಿ ತೋರುತ್ತದೆಂಬುದನ್ನು ಬೀಸುವ ಕಲ್ಲನ್ನು ಕಂಡವರು ಬೇಗ ಬಲ್ಲರು. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಮೇಲೆ ಸಮನಾಗಿ ಕೂಡದಿದ್ದರೆ ಒಂದೇ ಕಡೆ ಉಜ್ಜಿ ಕರಕರ ಸದ್ದಾಗುತ್ತದೆ. ಕಲ್ಲುಕೆಲಸದವನು ಬಂದು ಉಬ್ಬಿದ ಕಡೆ ಉಳಿಯಿಂದ ತಟ್ಟಿ ಸಮ ಮಾಡಿದರೆ ಸದ್ದು ನಿಲ್ಲುತ್ತದೆ, ಜೋಳ ನುಣ್ಣಗೆ ಹಿಟ್ಟಾಗುತ್ತದೆ. ಬಾಯಿಯೂ ಒಂದು ಬೀಸುವ ಕಲ್ಲಲ್ಲವೆ? ಎತ್ತರವಾದ ಹಲ್ಲನ್ನು ಉಜ್ಜಿ ತಗ್ಗಿಸಿದರೆ ರಾತ್ರಿಯ ಸದ್ದೂ ನಿಲ್ಲಬೇಕಷ್ಟೆ. ತರ್ಕ ಸೊಗಸಾಗಿದೆ. ಆದರೆ ಬೀಸುವ ಕಲ್ಲು ತಾನಾಗಿ ತಿರುಗುವುದಿಲ್ಲ. ಗೂಟ ಹಿಡಿದು ತಿರುಗಿಸುವ ಒಂದು ಕೈ ಬೇಕು. ಈ ತರ್ಕದಲ್ಲಿ ಆ ಕೈಯ ವಿಚಾರವೇ ಬಿಟ್ಟುಹೋಯಿತು.

ಕೈಯ ವಿಚಾರ ಮಾಡಿದವರು ಆಗಲೂ ಇದ್ದರು. 1907ರಲ್ಲಿ ಫ್ರಾನ್ಸಿನ ಮೇರಿ ಮತ್ತು ಪಿಯೆಟ್‌ಕಿವಿಚ್ ಎಂಬಿಬ್ಬರು ಮಿದುಳಿಗೆ ಪೆಟ್ಟಾದ ರೋಗಿಗಳಲ್ಲಿ ಹಲ್ಲು ಕಡಿಯುವುದನ್ನು ಕಂಡು ಅದಕ್ಕೆ ‘ಬ್ರುಕ್ಸೊಮಾನಿ’ ಎಂದು ಹೆಸರಿಟ್ಟರು. ಹಲ್ಲು ಕಡಿಯುವುದೆಂಬ ಅರ್ಥದ ಗ್ರೀಕ್ ಧಾತುವಿನಿಂದ ಮಾಡಿದ ಶಬ್ದವದು. 1931ರಲ್ಲಿ ಫ್ರೋಮನ್ ಎಂಬವನು ಹಲ್ಲಿನ ತೊಂದರೆಗಳಿಗೆ ಮನೋಚಿಕಿತ್ಸೆಯನ್ನು ಹೊಂದಿಸುವ ಬಗ್ಗೆ ಬರೆದ ಲೇಖನದಲ್ಲಿ ‘ಬ್ರುಕ್ಸಿಸಂ’ ಎಂಬ ಇಂದಿನ ಹೆಸರನ್ನು ಬಳಸಿದನು. ಎಂದರೆ ರೋಗಕ್ಕೆ ಹೆಸರಿಟ್ಟವರು ಮಿದುಳು ಮನಸ್ಸುಗಳ ಕಡೆ ನೋಡಿದರು. ಆದರೆ ಆ ಹೆಸರನ್ನು ಬಳಸಿದ ದಂತವೈದ್ಯರಲ್ಲಿ ಹೆಚ್ಚಿನವರು ಹಲ್ಲಿನ ಕಡೆಯೇ ನೋಡಿದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರ ಕೈಯಲ್ಲಿದ್ದ ಉಪಕರಣ ಹಲ್ಲನ್ನು ಮುಟ್ಟುವಂಥದು. ನಿದ್ರಿಸುವ ಮಿದುಳನ್ನು ಮುಟ್ಟುವಂಥದಲ್ಲ.

ಆಪಾದನೆಗೆ ಶಾಸ್ತ್ರದ ಮುದ್ರೆ ಬಿದ್ದದ್ದು 1961ರಲ್ಲಿ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸಿಗುರ್ಡ್ ರಾಮ್‌ಫ್ಯೋರ್ಡ್ ಅವರು ದವಡೆಯ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಯಂತ್ರದಿಂದ ಅಳೆದು ಒಂದು ಪ್ರಬಂಧವನ್ನು ಪ್ರಕಟಿಸಿದರು. ಹಲ್ಲುಗಳ ಕೂಡಿಕೆಯಲ್ಲಿ ಎಡವು ಇದ್ದು, ಅದರ ಜೊತೆಗೆ ಮನಸ್ಸಿನ ಬಿಗುವು ಸೇರಿದರೆ ಹಲ್ಲು ಕಡಿತ ಹುಟ್ಟುತ್ತದೆ. ಎಡವನ್ನು ಉಜ್ಜಿ ತೆಗೆದರೆ ಸ್ನಾಯುಗಳು ಶಾಂತವಾಗುತ್ತವೆ ಎಂಬುದು ಅವರ ಸಿದ್ಧಾಂತ. 1966ರಲ್ಲಿ ಅವರೂ ಮೇಜರ್ ಆಶ್ ಅವರೂ ಕೂಡಿ ಹಲ್ಲುಗಳ ಕೂಡಿಕೆಯನ್ನು ಕುರಿತು ಬರೆದ ಪುಸ್ತಕ ದಂತವೈದ್ಯರಲ್ಲಿ ಪ್ರಸಿದ್ಧವಾಯಿತು. ಬೆಂಗಳೂರಿನಲ್ಲಿ ಸರಕಾರಿ ದಂತವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. ನಮ್ಮ ನಾಡಿನಲ್ಲಿ ದಂತವೈದ್ಯ ಶಿಕ್ಷಣ ಬೇರೂರಿದ ಕಾಲವೂ ಈ ಸಿದ್ಧಾಂತ ಏರುಜವ್ವನದಲ್ಲಿದ್ದ ಕಾಲವೂ ಒಂದೇ ಎಂದಾಯಿತು.

ರಾಮ್‌ಫ್ಯೋರ್ಡ್ ಸಾಮಾನ್ಯರಲ್ಲ, ಒಸಡಿನ ರೋಗಗಳ ವಿಷಯದಲ್ಲಿ ಅವರು ಮಾಡಿದ ಕೆಲಸ ಇಂದಿಗೂ ಮಾನ್ಯವಾಗಿದೆ. ಆದರೆ 1961ರ ಪ್ರಬಂಧದಲ್ಲಿ ಒಂದು ಕೊರತೆಯಿತ್ತು. ಹಲ್ಲು ಉಜ್ಜಿಸಿಕೊಂಡವರ ಜೊತೆಗೆ ಉಜ್ಜಿಸಿಕೊಳ್ಳದವರ ಇನ್ನೊಂದು ಗುಂಪನ್ನು ಇಟ್ಟು ಹೋಲಿಸಿ ನೋಡಿರಲಿಲ್ಲ. ಹಲ್ಲು ಕಡಿಯುವುದು ಎಲ್ಲ ರಾತ್ರಿಯೂ ಒಂದೇ ಸಮನಾಗಿರುವುದಿಲ್ಲ. ಒಂದು ವಾರ ಹೆಚ್ಚಾಗಿ ಇನ್ನೊಂದು ವಾರ ತಾನಾಗಿ ಕಡಿಮೆಯಾಗುವುದುಂಟು. ಹೆಚ್ಚಾದಾಗಲೇ ಮನುಷ್ಯ ವೈದ್ಯರಲ್ಲಿಗೆ ಹೋಗುತ್ತಾನೆ. ಆಮೇಲೆ ಕಡಿಮೆಯಾದರೆ ಕೀರ್ತಿ ಕೊನೆಯಲ್ಲಿ ಮಾಡಿದ ಚಿಕಿತ್ಸೆಗೆ ಸಲ್ಲುತ್ತದೆ. ಮಳೆ ಬರುವ ಹಿಂದಿನ ದಿನ ಕಪ್ಪೆಯ ಮದುವೆ ಮಾಡಿಸಿದವರಿಗೆ ಬರುವ ಕೀರ್ತಿಯೂ ಇದೇ ಜಾತಿಯದು.

ಪರೀಕ್ಷೆ ಬಂದದ್ದು 1984ರಲ್ಲಿ. ಅಮೆರಿಕದ ಟೆಕ್ಸಾಸಿನಲ್ಲಿ ರೂ, ಬರ್ಘಿ, ಡ್ರಾಗೊ ಎಂಬ ಮೂವರು ಸಿದ್ಧಾಂತವನ್ನು ತಲೆಕೆಳಗು ಮಾಡಿ ನೋಡಿದರು. ಎತ್ತರದ ಹಲ್ಲಿನಿಂದ ಕಡಿತ ಹುಟ್ಟುವುದು ನಿಜವಾದರೆ, ಬೇಕೆಂದೇ ಒಂದು ಹಲ್ಲನ್ನು ಎತ್ತರ ಮಾಡಿದಾಗ ಕಡಿತ ಹೆಚ್ಚಬೇಕಲ್ಲವೆ? ಒಪ್ಪಿ ಬಂದವರ ದವಡೆಹಲ್ಲಿಗೆ ತುಸು ಎಡವುವಂತೆ ಮಾಡಿದ ಟೋಪಿ ಕೂಡಿಸಿ, ರಾತ್ರಿ ಅವರ ಸ್ನಾಯುಗಳ ಚಟುವಟಿಕೆಯನ್ನು ಅಳೆದರು. ಮೊದಲ ರಾತ್ರಿಗಳಲ್ಲಿ ಹೆಚ್ಚಿನವರ ಕಡಿತ ಏರಲಿಲ್ಲ, ಇಳಿಯಿತು! ನೋಯುವ ಕಾಲನ್ನು ಊರಲು ಹಿಂಜರಿಯುವಂತೆ ಬಾಯಿಯೂ ಎಡವನ್ನು ಕಚ್ಚಲು ಹಿಂಜರಿಯಿತೆಂದು ಊಹಿಸಬಹುದು. ಅಂತೂ ಕಲ್ಲಿನ ತರ್ಕಕ್ಕೆ ಇದು ಬಲವಾದ ಪೆಟ್ಟು.

ಅಷ್ಟರಲ್ಲಿ ನಿದ್ದೆಯನ್ನೇ ಅಳೆಯುವ ಶಾಸ್ತ್ರವೂ ಬೆಳೆದಿತ್ತು. ಕಣ್ಣು ಚಲಿಸುವ ನಿದ್ದೆಯನ್ನು 1953ರಲ್ಲಿ ಶಿಕಾಗೊ ನಗರದ ಆಸೆರಿನ್‌ಸ್ಕಿ, ಕ್ಲೈಟ್‌ಮನ್ ಇಬ್ಬರೂ ಕಂಡುಹಿಡಿದ ಮೇಲೆ ನಿದ್ರೆಯೆಂದರೆ ಒಂದೇ ಕತ್ತಲೆಯಲ್ಲ, ಅದರಲ್ಲಿ ಮೆಟ್ಟಿಲುಗಳಿವೆ ಎಂಬುದು ಸ್ಪಷ್ಟವಾಗುತ್ತ ಬಂದಿತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಜೀಲ್ ಲವೀನ್ಯ ಅವರ ಗುಂಪು ಹಲ್ಲು ಕಡಿಯುವವರನ್ನು ರಾತ್ರಿಯಿಡೀ ಯಂತ್ರಗಳ ನಡುವೆ ಮಲಗಿಸಿ ನೋಡಿತು. ಅವರು ಕಂಡ ಕ್ರಮ ಹೀಗಿದೆ: ಮಲಗಿದವನಿಗೆ ಕೆಲವು ಸೆಕೆಂಡುಗಳ ಅರೆ ಎಚ್ಚರ ಬರುತ್ತದೆ; ಅವನಿಗೇ ಅದು ಗೊತ್ತಾಗುವುದಿಲ್ಲ. ಮಿದುಳಿನ ಅಲೆಗಳು ಚುರುಕಾಗುತ್ತವೆ, ಎದೆಬಡಿತ ಏರುತ್ತದೆ. ಇದಾದ ಮೇಲೆ ದವಡೆಯ ಸ್ನಾಯುಗಳು ತಾಳಬದ್ಧವಾಗಿ ಬಿಗಿಯುತ್ತವೆ. ಹಲ್ಲಿಗೆ ಹಲ್ಲು ತಾಗಿ ಸದ್ದಾಗುವುದು ಎಲ್ಲಕ್ಕಿಂತ ಕೊನೆಗೆ. ದವಡೆಯ ಈ ತಾಳಬದ್ಧ ಚಲನೆ ಹಲ್ಲು ಕಡಿಯದ ಆರೋಗ್ಯವಂತರಲ್ಲಿಯೂ ನೂರಕ್ಕೆ ಸುಮಾರು 60 ಮಂದಿಯಲ್ಲಿ ಕಂಡಿತೆಂದು 2001ರಲ್ಲಿ ಅವರು ತಿಳಿಸಿದರು. ಕಡಿಯುವವರಲ್ಲಿ ಅದು ಹೆಚ್ಚು ಸಲ, ಹೆಚ್ಚು ಬಲವಾಗಿ ಆಗುತ್ತದೆ. ಅದೇ ವರ್ಷ ಆಮ್‌ಸ್ಟರ್‌ಡಾಮಿನ ಲೊಬೆಜೂ, ನಾಯೆ ಇಬ್ಬರೂ ಹಿಂದಿನ ಸಾಕ್ಷ್ಯವನ್ನೆಲ್ಲ ತೂಗಿ ನೋಡಿ, ಹಲ್ಲು ಕಡಿತವನ್ನು ನಡೆಸುವುದು ಮುಖ್ಯವಾಗಿ ಮಿದುಳು, ಹಲ್ಲುಗಳ ಕೂಡಿಕೆಯಲ್ಲ ಎಂಬ ತೀರ್ಮಾನಕ್ಕೆ ಬಂದರು. ಗೂಟ ಹಿಡಿದ ಕೈ ಕೊನೆಗೂ ಕಣ್ಣಿಗೆ ಬಿದ್ದಿತು.

ಇಲ್ಲಿ ಕಾಳಗಿಯ ಸೀಮೆಗೆ ಮತ್ತೆ ಬರುವುದು ಉಚಿತ. ಶಹಾಬಾದದ ಹತ್ತಿರ ಮರತೂರೆಂಬ ಊರಿದೆ. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಊರು ಇದೇ ಎಂಬುದು ಈ ಭಾಗದವರ ಅಭಿಮಾನ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದ, ಎಂದರೆ 1076ರಿಂದ 1126ರ ನಡುವಣ, ಧರ್ಮಶಾಸ್ತ್ರಜ್ಞನವನು. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರ ಭಾಗದಲ್ಲಿ, ನ್ಯಾಯಸ್ಥಾನದಲ್ಲಿ ಸುಳ್ಳಾಡುವವನನ್ನು ಗುರುತಿಸುವ ಕುರುಹುಗಳ ಪಟ್ಟಿಯೊಂದಿದೆ. ನಿಂತಲ್ಲಿ ನಿಲ್ಲದಿರುವುದು, ಕಟವಾಯಿ ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣ ಹೋಗುವುದು, ಬಾಯಿ ಒಣಗಿ ಮಾತು ತಡವರಿಸುವುದು, ತುಟಿ ಸೊಟ್ಟ ಮಾಡುವುದು ಮುಂತಾದವು. ಹಲ್ಲು ಕಡಿಯುವುದು ಈ ಪಟ್ಟಿಯಲ್ಲಿಲ್ಲ. ನಮಗೆ ಬೇಕಾದುದು ಪಟ್ಟಿಯಲ್ಲ, ಅದರ ಮೇಲೆ ವಿಜ್ಞಾನೇಶ್ವರನು ಹೇಳುವ ಎಚ್ಚರಿಕೆಯ ಮಾತು. ಇವುಗಳಿಂದ ದೋಷದ ಸಂಭಾವನೆ ಮಾತ್ರ ತಿಳಿಯುತ್ತದೆ, ನಿಶ್ಚಯ ತಿಳಿಯುವುದಿಲ್ಲ. ಏಕೆಂದರೆ ಯಾವ ವಿಕಾರ ಸಹಜವಾದದ್ದು, ಯಾವುದು ಒಂದು ನಿಮಿತ್ತದಿಂದ ಬಂದದ್ದು ಎಂದು ಬೇರ್ಪಡಿಸುವುದು ಕಷ್ಟ ಎಂಬುದು ಅವನ ಅಭಿಪ್ರಾಯ.

ಸುಮಾರು ಒಂಬತ್ತು ನೂರು ವರ್ಷಗಳ ಹಿಂದಿನ ಈ ನ್ಯಾಯವಿವೇಕ ಇಪ್ಪತ್ತನೆಯ ಶತಮಾನದ ದಂತವೈದ್ಯದಲ್ಲಿ ಇದ್ದಿದ್ದರೆ ಎಷ್ಟೋ ಹಲ್ಲುಗಳು ಉಳಿಯುತ್ತಿದ್ದವು. ಹಲ್ಲು ಕಡಿಯುವವನ ಬಾಯಲ್ಲಿ ಕಂಡ ಓರೆ ಕೂಡಿಕೆ ಒಂದು ಕುರುಹು. ಅದರಿಂದ ಸಂದೇಹ ಹುಟ್ಟಬಹುದು. ಕಡಿಯದವನ ಬಾಯಲ್ಲಿಯೂ ಅಂಥದೇ ಓರೆ ಕೂಡಿಕೆ ಧಾರಾಳವಾಗಿ ಇದೆಯೇ ಎಂದು ನೋಡದೆ ತೀರ್ಪು ಕೊಟ್ಟುದು ಅನ್ಯಾಯ. ಶಿಕ್ಷೆಯೂ ಹಿಂದಕ್ಕೆ ಪಡೆಯಲಾರದಂಥದು. ಹಲ್ಲಿನ ಮೇಲಿನ ಬಿಳಿಯ ಗಟ್ಟಿ ಪದರು ಒಮ್ಮೆ ಹೋದರೆ ಕೂದಲಿನಂತೆ ಉಗುರಿನಂತೆ ಮತ್ತೆ ಬೆಳೆಯುವುದಿಲ್ಲ.

ಇನ್ನೊಂದು ವಿಚಾರವನ್ನೂ ಹೇಳಬೇಕು. ಕೂಡಿಕೆಗೂ ಸವೆತಕ್ಕೂ ನಂಟೇ ಇಲ್ಲವೆಂದಲ್ಲ. ನಂಟಿದೆ, ಆದರೆ ಎಷ್ಟೋ ಕಡೆ ಅದು ಹಿಮ್ಮುಖವಾಗಿ ನಡೆಯುತ್ತದೆ. ಹಲ್ಲು ಸವೆಯುವುದರಿಂದ ಕೂಡುವ ಬಗೆಯೇ ಬದಲಾಗುತ್ತದೆ. ಆಸ್ಟ್ರೇಲಿಯದ ದಂತವೈದ್ಯ ಬೆಗ್ ಅವರು 1954ರಲ್ಲಿ ಅಲ್ಲಿಯ ಮೂಲನಿವಾಸಿಗಳ ಹಲ್ಲುಗಳನ್ನು ಕುರಿತು ಬರೆಯುತ್ತ, ಒರಟು ಆಹಾರದಿಂದ ಹಲ್ಲು ಸವೆದು ಮೇಲಿನ ಕೆಳಗಿನ ಮುಂಬಲ್ಲುಗಳು ಅಂಚಿಗೆ ಅಂಚು ಕೂಡುವುದೇ ಮನುಷ್ಯನ ಹಳೆಯ ಸ್ಥಿತಿಯೆಂದು ವಾದಿಸಿದರು. ಅವರ ವಾದವನ್ನೆಲ್ಲ ಎಲ್ಲರೂ ಒಪ್ಪಲಿಲ್ಲ. ಆದರೆ ಆಂಗಲ್ ಹೇಳಿದ ಆದರ್ಶವೊಂದೇ ಪ್ರಕೃತಿಯ ಕಟ್ಟಳೆಯಲ್ಲವೆಂದು ಅದರಿಂದ ತಿಳಿಯಿತು. ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಜೊತೆಗೆ ಕಲ್ಲಿನ ಪುಡಿಯೂ ತುಸು ಹೊಟ್ಟೆಗೆ ಹೋಗುತ್ತದೆ. ನವಶಿಲಾಯುಗದಿಂದ ಮೊನ್ನೆ ಮೊನ್ನೆ ಹಿಟ್ಟಿನ ಗಿರಣಿ ಬರುವವರೆಗೆ ನಮ್ಮ ರೊಟ್ಟಿಗಳಲ್ಲಿ ಆ ಪುಡಿ ಇದ್ದೇ ಇತ್ತು. ಸಿಮೆಂಟಿನ ಧೂಳು, ಕಲ್ಲಿನ ಧೂಳು ಹಲ್ಲನ್ನು ಸವೆಸುವ ಬಗ್ಗೆ ಟಾಂಜಾನಿಯದ ಕೆಲಸಗಾರರನ್ನು ನೋಡಿ ಮಾಡಿದ ಒಂದು ಅಧ್ಯಯನ 1991ರಲ್ಲಿ ಪ್ರಕಟವಾಗಿದೆ. ಗಣಿ ಕಾರ್ಖಾನೆಗಳ ಸೀಮೆಯಲ್ಲಿ ಈ ಮಾತಿಗೆ ವಿಶೇಷ ಬೆಲೆಯಿದೆ. ಧೂಳಿನಲ್ಲಿ ದುಡಿದವನ ಸವೆದ ಹಲ್ಲನ್ನು ನೋಡಿ, ನೀನು ರಾತ್ರಿ ಹಲ್ಲು ಕಡಿಯುವವನೆಂದು ತೀರ್ಪು ಕೊಡುವುದೂ ಕುರುಹನ್ನೇ ನಿಶ್ಚಯವೆಂದು ತಿಳಿದ ಹಾಗೆ ಆಗುತ್ತದೆ.

ಹಾಗಾದರೆ ಈಗಿನ ತಿಳಿವಳಿಕೆಯೇನು? ಹಲವು ದೇಶಗಳ ತಜ್ಞರು ಕೂಡಿ 2013ರಲ್ಲಿಯೂ 2018ರಲ್ಲಿಯೂ ಒಮ್ಮತದ ವ್ಯಾಖ್ಯೆಗಳನ್ನು ಪ್ರಕಟಿಸಿದ್ದಾರೆ. ನಿದ್ದೆಯ ಕಡಿತ, ಎಚ್ಚರದ ಕಡಿತ ಎರಡೂ ಬೇರೆಬೇರೆ ಎಂಬುದು ಅದರ ಒಂದು ಅಂಶ. ಎಚ್ಚರದಲ್ಲಿ ಹೆಚ್ಚಾಗಿ ಕಾಣುವುದು ಸದ್ದಿಲ್ಲದೆ ದವಡೆ ಬಿಗಿಯುವುದು, ಎಂದರೆ ನಮ್ಮ ಅವುಡುಗಚ್ಚುವುದೇ. ಆರೋಗ್ಯವಂತನಲ್ಲಿ ಇದನ್ನು ರೋಗವೆನ್ನದೆ ಸ್ನಾಯುಗಳ ಒಂದು ನಡವಳಿಕೆಯೆನ್ನಬೇಕು. ಅದು ಕೆಲವರಿಗೆ ಕೇಡು ತರಬಹುದು, ಎಲ್ಲರಿಗೂ ತರುವುದಿಲ್ಲ ಎಂಬುದು ಇನ್ನೊಂದು ಅಂಶ. ಮನಸ್ಸಿನ ಕಳವಳ, ಅತಿಯಾದ ಚಹಾ ಕಾಫಿ, ಮದ್ಯ, ತಂಬಾಕು, ಖಿನ್ನತೆಗೆ ಕೊಡುವ ಕೆಲವು ಔಷಧಗಳು ಇದಕ್ಕೆ ಇಂಬು ಕೊಡುತ್ತವೆ. ಜೋರಾದ ಗೊರಕೆಯೂ ನಡುನಡುವೆ ಉಸಿರು ಕಟ್ಟುವುದೂ ಇದರ ಜೊತೆಗಿದ್ದರೆ ಅದನ್ನು ಹಲ್ಲಿನ ವೈದ್ಯರಲ್ಲಿಯೇ ಮುಗಿಸದೆ ಬೇರೆ ವೈದ್ಯರಿಗೂ ತಿಳಿಸಬೇಕು.

ದಂತವೈದ್ಯರು ಇದರಿಂದ ನಿರುಪಯೋಗಿಗಳಾದರೆಂದು ಯಾರೂ ತಿಳಿಯಬಾರದು. ಹೊಸದಾಗಿ ತುಂಬಿಸಿದ ಹಲ್ಲು ಎತ್ತರವಾಗಿ ನೋಯುತ್ತಿದ್ದರೆ ಅದನ್ನು ಸರಿಪಡಿಸಲೇಬೇಕು. ಹಲವು ಹಲ್ಲು ಬಿದ್ದುಹೋಗಿ ಉಳಿದ ಕೆಲವೇ ಹಲ್ಲುಗಳ ಮೇಲೆ ಭಾರವೆಲ್ಲ ಬೀಳುತ್ತಿದ್ದರೆ ಅದಕ್ಕೂ ಉಪಾಯ ಮಾಡಬೇಕು. ಕಡಿತ ಬಲವಾಗಿದ್ದವರಿಗೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಒಂದು ಕವಚವನ್ನು ಅವರು ಮಾಡಿಕೊಡುತ್ತಾರೆ. ಅದು ಕಡಿತವನ್ನು ವಾಸಿಮಾಡುವುದಿಲ್ಲ, ಹಲ್ಲನ್ನು ಕಾಯುತ್ತದೆ, ಬೇಡವಾದಾಗ ತೆಗೆದಿಡಬಹುದು. ತೆಗೆದಿಡಬಹುದಾದ ಚಿಕಿತ್ಸೆಗೂ ಹಿಂದಕ್ಕೆ ಪಡೆಯಲಾರದ ಚಿಕಿತ್ಸೆಗೂ ಇರುವ ಅಂತರವೇ ಈ ಇತಿಹಾಸದಿಂದ ಕಲಿಯಬೇಕಾದ ಮುಖ್ಯ ಪಾಠ. ಕಡಿತ ನಿಲ್ಲಿಸಲೆಂದು ಗಟ್ಟಿ ಹಲ್ಲನ್ನು ಉಜ್ಜಬೇಕೆಂದು ಯಾರಾದರೂ ಹೇಳಿದರೆ, ಒಪ್ಪುವ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಒಳ್ಳೆಯದು.

ಕೂಸಿನ ಹುಳದ ಮಾತೊಂದು ಉಳಿಯಿತು. ಹಲ್ಲು ಕಡಿತಕ್ಕೆ ಜಂತುಹುಳುವೇ ಕಾರಣವೆಂಬುದು ಗಟ್ಟಿಯಾಗಿ ಸಿದ್ಧವಾಗಿಲ್ಲ. ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದ ಮಕ್ಕಳಿಗೆ ಮಾತ್ರೆ ಕೊಡುತ್ತಾರೆ. ಹುಳದ ಸಲುವಾಗಿ ಅದನ್ನು ತೆಗೆದುಕೊಳ್ಳುವುದು ಯೋಗ್ಯವೇ. ಹಲ್ಲು ಕಡಿತ ನಿಲ್ಲುತ್ತದೆಂಬ ಆಸೆಯಿಂದ ಮತ್ತೆ ಮತ್ತೆ ಔಷಧ ಕುಡಿಸುವುದು ಬೇಡ. ಮಕ್ಕಳಲ್ಲಿ ಈ ಅಭ್ಯಾಸ ಬೆಳೆದಂತೆ ಬಹುಮಟ್ಟಿಗೆ ತಾನಾಗಿ ಕಡಿಮೆಯಾಗುತ್ತದೆ. ನಿದ್ದೆಯಲ್ಲಿ ಮಾಡಿದ ಕೆಲಸಕ್ಕಾಗಿ ಬೆಳಗ್ಗೆ ಬಯ್ಯುವುದಂತೂ ಸಲ್ಲದು.

ದೊಡ್ಡವರಿಗೆ ವೈದ್ಯರು ಹೇಳುವ ಒಂದು ಸುಲಭ ಅಭ್ಯಾಸವಿದೆ. ಊಟ, ನುಂಗುವುದು ಎಲ್ಲ ಸೇರಿ ದಿನದ 24 ಗಂಟೆಗಳಲ್ಲಿ ಹಲ್ಲಿಗೆ ಹಲ್ಲು ತಾಗಬೇಕಾದದ್ದು ಸುಮಾರು 20 ನಿಮಿಷ ಮಾತ್ರ. ಉಳಿದ ಹೊತ್ತು ತುಟಿಗಳು ಕೂಡಿದ್ದರೂ ಹಲ್ಲುಗಳು ಬಿಡಿಯಾಗಿರಬೇಕು. ಕಚೇರಿಯಲ್ಲಿ ಲೆಕ್ಕ ಬರೆಯುವಾಗ, ಬಸ್ಸಿಗಾಗಿ ಕಾಯುವಾಗ, ಮನೆಯಲ್ಲಿ ಬೇಸರದ ಮಾತೊಂದನ್ನು ನುಂಗಿಕೊಂಡಾಗ ದವಡೆ ಹೇಗಿದೆಯೆಂದು ಆಗಾಗ ನೋಡಿಕೊಳ್ಳಬೇಕು. ಬಿಗಿದಿದ್ದರೆ ಸಡಿಲಿಸಬೇಕು. ಈ ಲೇಖನವನ್ನು ಓದಿ ಮುಗಿಸಿದ ವಾಚಕರು ಈಗಲೇ ಒಮ್ಮೆ ನೋಡಿಕೊಳ್ಳಬಹುದು.